ದೋಣಿಗೆ ಮೊದಲು ದಫ್ತರ



ದ್ವೀಪಗಳ ನಡುವೆ ಸಣ್ಣ ಹಡಗಿನಲ್ಲಿ ಹೋಗಿ ಪ್ರಾಣಿ ಪಕ್ಷಿ ನೋಡುವ ಪ್ರವಾಸದ ಬಗ್ಗೆ ಹೊಸೂರಿನಲ್ಲಿ ಸಂಕಿರಣವೇ, ಇಲ್ಲಿ ಕಡಲೆಲ್ಲಿದೆ ಎಂದು ಕೆಲವರು ಕೇಳಿದರು. ಕೇಳಬೇಕಾದ್ದೇ. ಆದರೆ ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ನಾಟ್ರಾಪಾಳ್ಯದ ದಾರಿ ಹಿಡಿದರೆ ಕಾವೇರಿ ಸಿಗುತ್ತಾಳೆ. ಬಂಡೆ, ನಡುಗಡ್ಡೆ, ಮಡು; ದಡದಲ್ಲಿ ಮತ್ತಿಮರ, ಮತ್ತಿಮರದಲ್ಲಿ ಬೂದು ಬೆನ್ನಿನ ದೊಡ್ಡ ಅಳಿಲು; ನೀರಿನಲ್ಲಿ ಮೊಸಳೆ, ನೀರುನಾಯಿ. ಈಚೆ ದಡದ ಕಾಡನ್ನು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮವೆಂದು ತಮಿಳುನಾಡು ಘೋಷಿಸಿತು. 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮ ಸೇರಿಕೊಂಡಿತು. ಆಚೆ ದಡದಲ್ಲಿ ಕರ್ನಾಟಕದ ಕಾವೇರಿ ವನ್ಯಜೀವಿಧಾಮ 1987ರಿಂದಲೇ ಇದೆ. ನಮ್ಮ ದ್ವೀಪಗಳು ಇವೇ. ನಮ್ಮ ಹಡಗು ಬಿದಿರಿನ ಬುಟ್ಟಿಯ ತೆಪ್ಪ.

ಈ ಬಗೆಯ ಪ್ರವಾಸದ ಚರಿತ್ರೆಯಲ್ಲಿ ನಾನು ಒಂದನ್ನೇ ಹುಡುಕುತ್ತೇನೆ: ಎಲ್ಲಿ ಕಟ್ಟಳೆ ಮೊದಲು ಬಂತು, ಎಲ್ಲಿ ದೋಣಿ ಮೊದಲು ಬಂತು? ಗಲಾಪಗೋಸ್ ದ್ವೀಪಗಳನ್ನು ಈಕ್ವೆಡಾರ್ 1959ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿತು. ವಿಹಾರದ ಹಡಗುಗಳು ಬಂದದ್ದು ಅರವತ್ತರ ದಶಕದ ಕೊನೆಗೆ. ಇವತ್ತಿಗೂ ಅಲ್ಲಿ ನೂರಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಅಪ್ಪಣೆಯಿಲ್ಲ, ಮಾರ್ಗದರ್ಶಿಯಿಲ್ಲದೆ ಉದ್ಯಾನದ ಹೆಚ್ಚಿನ ತಾಣಗಳಲ್ಲಿ ಕಾಲಿಡುವಂತಿಲ್ಲ. ಅಂಟಾರ್ಕ್ಟಿಕಾದಲ್ಲಿ ಇದು ತಿರುವುಮುರುವು. ಪ್ರವಾಸ ಏರ್ಪಡಿಸುತ್ತಿದ್ದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ 1966ರಲ್ಲೇ ಜನರನ್ನು ಕರೆದೊಯ್ದ, 1969ರಲ್ಲಿ ಅದಕ್ಕೆಂದೇ ಹಡಗು ಕಟ್ಟಿಸಿದ. ಪ್ರವಾಸ ಸಂಸ್ಥೆಗಳು ಕೂಡಿ ಒಕ್ಕೂಟ ಮಾಡಿಕೊಂಡದ್ದು 1991ರಲ್ಲಿ. ಒಂದು ಜಾಗದಲ್ಲಿ ಒಂದು ಹೊತ್ತಿಗೆ ನೂರು ಜನರಿಗಿಂತ ಹೆಚ್ಚು ಇಳಿಯಬಾರದೆಂಬ ಕಟ್ಟುಪಾಡನ್ನು ಈಗ ಪಾಲಿಸುತ್ತಾರೆ.

ನಮ್ಮ ಕಾವೇರಿಯಲ್ಲೂ ಎರಡು ಬಗೆಯೂ ಉಂಟು. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಅಂಬಿಗ ಹುಟ್ಟು ಹಾಕುತ್ತ ಯಾವ ತಿಟ್ಟಿನಿಂದ ಎಷ್ಟು ದೂರ ನಿಲ್ಲಬೇಕೆಂದು ತಾನೇ ನೋಡಿಕೊಳ್ಳುತ್ತಾನೆ. ಕೊಕ್ಕರೆ ಗೂಡಿನಿಂದ ಏಳುವುದಿಲ್ಲ. ಹೊಗೇನಕಲ್ ಜಲಪಾತದ ಬಳಿ ಮೊದಲು ಬಂದದ್ದು ಜನ. ಹೊಳೆ ಏರಿದಾಗ ತೆಪ್ಪ ನಿಲ್ಲಿಸುತ್ತಾರೆ, ಸರಿಯೇ. ಆದರೆ ಅದು ಮನುಷ್ಯರ ಜೀವದ ಲೆಕ್ಕ. ಮೀನು ಹುರಿಯುವ ಹೊಗೆ, ಎಣ್ಣೆ ಸ್ನಾನ, ತೆಪ್ಪ ಗಿರಗಿರ ತಿರುಗಿಸಿದಾಗಿನ ಕೂಗು, ಇವುಗಳ ನಡುವೆ ನೀರುನಾಯಿ ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ.

ಮೇಲುಗಡೆ, ಕರ್ನಾಟಕದ ಗಾಳಿಬೋರೆಯಲ್ಲಿ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವದು. ಪರದೇಶದವರು ಬಂದು ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ಕಾಯ್ದೆಯ ಕಾರಣಕ್ಕೆ ಆಮೇಲೆ ಅದು ನಿಂತಿತು. ಗಾಳ ಹಾಕುವುದು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನನಗೆ ಬೇಕಾದ್ದು ಅವರ ಬರಹ. ಯಾವ ದಿನ, ಎಷ್ಟು ಹೊತ್ತು, ಯಾವ ಮೀನು, ಎಷ್ಟು ತೂಕ ಎಂದು ಶಿಬಿರದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಕೂಡಿ ಕಳೆದು ನೋಡಿದರು. ಮೇಲ್ನೋಟಕ್ಕೆ ಸಂತೋಷದ ಸುದ್ದಿ: ಸಿಗುವ ಮೀನಿನ ಸಂಖ್ಯೆ ಏರಿತ್ತು. ಬಿಡಿಸಿ ನೋಡಿದರೆ ಏರಿದ್ದು ನೀಲಿ ರೆಕ್ಕೆಯದು; ಮೊಟ್ಟೆಕೇಂದ್ರಗಳಲ್ಲಿ ಬೆಳೆಸಿ ಹೊರಗಿನಿಂದ ತಂದು ಬಿಟ್ಟ ತಳಿ. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಕುಸಿಯುತ್ತಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇದೇ ಜಾತಿಯದು. ಅಷ್ಟು ಹೆಸರಾದ ಮೀನಿನ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ! ಅದೇ ವರ್ಷ ಅಳಿವಿನ ಅಂಚಿನವುಗಳ ಕೆಂಪುಪಟ್ಟಿಯ ಕೊನೆಯ ಮೆಟ್ಟಿಲಿಗೂ ಅದು ಬಂತು. ಮೋಜಿಗೆ ಬಂದವರ ದಫ್ತರ ಇಲ್ಲದಿದ್ದರೆ, ಮೀನು ಹೆಚ್ಚುತ್ತಿದೆ ಎಂದು ನಾವು ಇವತ್ತಿಗೂ ಬೀಗುತ್ತಿದ್ದೆವು.

ಆದ್ದರಿಂದ ಪ್ರವಾಸೋದ್ಯಮದ ಗೆಳೆಯರಲ್ಲಿ ನನ್ನ ಬಿನ್ನಹ ಕಟುವಾಗಿಯೇ ಇದೆ. ಹೊಗೇನಕಲ್ಲಿನ ಮೇಲಿನ ಹೊಳೆಗೆ ಈಗಲೇ ಹೊಸ ದೋಣಿ ಬೇಡ, ಮೋಟಾರಂತೂ ಬೇಡವೇ ಬೇಡ. ಮೊದಲು ಎರಡು ಲೆಕ್ಕ ಒಂದೇ ಪುಸ್ತಕದಲ್ಲಿ ಬರಲಿ: ನೀರಿಗಿಳಿದ ಜನ ಎಷ್ಟು, ಕಂಡ ಪ್ರಾಣಿ ಎಷ್ಟು. ಬರೆಯುವ ಕೆಲಸ ತೆಪ್ಪದವರದಾಗಲಿ. ಯಾವ ಮಡುವಿನಲ್ಲಿ ಮೊಸಳೆ ಮಲಗುತ್ತದೆ, ಯಾವ ಬಂಡೆಯ ಮೇಲೆ ನೀರುನಾಯಿ ಮೀನಿನ ಮುಳ್ಳು ಬಿಡುತ್ತದೆ ಎಂಬುದು ಅವರಿಗೆ ಗೊತ್ತು; ಸಂಬಳದ ಪಟ್ಟಿಯಲ್ಲಿ ಮಾತ್ರ ಅವರಿಲ್ಲ.

ಆಗದ ಮಾತೆಂದು ಯಾರೂ ಹೇಳಬೇಡಿ. ನಮ್ಮ ಬಿಳಿಗುಂಡ್ಲುವಿನಲ್ಲೇ ಕೇಂದ್ರ ಜಲ ಆಯೋಗದವರು ಕಾವೇರಿಯ ನೀರನ್ನು ದಿನವೂ ಅಳೆಯುತ್ತಾರೆ. ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರ ಲೆಕ್ಕ ಅಲ್ಲೇ ಆಗುವುದು. ಎರಡು ರಾಜ್ಯಗಳೂ ಎಷ್ಟೇ ಜಗಳವಾಡಿದರೂ ಕಣ್ಣಿಡುವುದು ಆ ಅಳತೆಯ ಮೇಲೆಯೇ. ಅದರ ಪಕ್ಕದಲ್ಲೇ ನೀರುನಾಯಿಗೂ ಮಹಶೀರಿಗೂ ಒಂದು ಪುಸ್ತಕ ಇಡಬಹುದು. ಅದರಲ್ಲಿ ಎಷ್ಟು ಕಾಲಂ ಇರಬೇಕು, ಕನ್ನಡದಲ್ಲೋ ತಮಿಳಿನಲ್ಲೋ ಎರಡರಲ್ಲೋ, ಬರೆಯುವ ತೆಪ್ಪದವರಿಗೆ ದಿನಗೂಲಿ ಎಷ್ಟು, ಅದನ್ನು ಯಾವ ಇಲಾಖೆ ಕೊಡಬೇಕು: ಮೊದಲ ಗೋಷ್ಠಿ ಇದರಿಂದಲೇ ಶುರುವಾಗಲಿ ಎಂದು ಕೋರುತ್ತೇನೆ.