ಬಿಡದ ಕೆಮ್ಮು



ಕೆಮ್ಮಿಗೆ ನಮ್ಮ ವೈದ್ಯಶಾಸ್ತ್ರದಲ್ಲಿ ಕಾಸವೆಂದು ಹೆಸರು. ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ ಎಂದು ಚರಕಸಂಹಿತೆಯು ಅದನ್ನು 5 ಬಗೆಯಾಗಿ ವಿಂಗಡಿಸಿರುವುದು. ಎಲ್ಲ ಕೆಮ್ಮಿಗೂ ಒಂದೇ ಕಷಾಯವು ಸಲ್ಲದೆಂಬುದೇ ಈ ವಿಂಗಡಣೆಯ ತಾತ್ಪರ್ಯ. ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದ ಈ ಮಾತು ನನಗೆ ಅರ್ಥವಾದುದು ಮಾತ್ರ 2019ರಲ್ಲಿ.

ಆ ವರ್ಷ ಪಾಠಶಾಲೆಯ ಒಬ್ಬ ವಿದ್ಯಾರ್ಥಿಗೆ ಕೆಮ್ಮು ಹತ್ತಿತು. ನಾನೇ ಆಡುಸೋಗೆಯ ಕಷಾಯವನ್ನು ಜೇನಿನೊಡನೆ ಕೊಡುತ್ತ ಬಂದೆನು. ಆಡುಸೋಗೆಯು ಹೀನವಾದ ಮೂಲಿಕೆಯಲ್ಲ. ಅದರ ಸತ್ತ್ವವಾದ ವ್ಯಾಸಿಸಿನ್‌ನ ಜಾಡು ಹಿಡಿದೇ ಕಫವನ್ನು ಸಡಿಲಿಸುವ ಬ್ರೋಮ್‌ಹೆಕ್ಸಿನ್ ಎಂಬ ಇಂದಿನ ಔಷಧವು ಹುಟ್ಟಿತು. ರಾತ್ರಿ ಕೆಮ್ಮು ತುಸು ತಗ್ಗುತ್ತಿದ್ದಿತು. ಅದನ್ನೇ ಗುಣವೆಂದು ಭಾವಿಸಿದೆನು. ಸಂಜೆಯ ಜ್ವರವನ್ನೂ, ರಾತ್ರಿಯ ಬೆವರನ್ನೂ, ದಿನೇ ದಿನೇ ಸಡಿಲವಾಗುತ್ತಿದ್ದ ಅಂಗಿಯನ್ನೂ ಕಂಡೂ ಕಾಣದಾದೆನು. ಒಂದೂವರೆ ತಿಂಗಳ ಮೇಲೆ ಅಡಿಗೆಯವನು ಬಂದು, “ಅಯ್ಯನವರೇ, ಹುಡುಗನ ಕಫದಲ್ಲಿ ರಕ್ತ ಕಂಡಿತು” ಎಂದನು. ಸರಕಾರಿ ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷಿಸಿ ಕ್ಷಯವೆಂದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಉಳಿದ ಹುಡುಗರನ್ನೂ ಪರೀಕ್ಷಿಸಬೇಕಾಯಿತು.

ಈ ರೋಗದ ಕ್ರಿಮಿಯನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯನು 1882ರ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ಲೋಕಕ್ಕೆ ತಿಳಿಸಿದನು. ಇಂದು ಅದಕ್ಕೆ ಮದ್ದುಂಟು. ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಸೇವಿಸತಕ್ಕದ್ದು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮದ್ದು ಬಿಟ್ಟರೆ, ಉಳಿದ ಕ್ರಿಮಿಗಳು ಮದ್ದಿಗೆ ಬಗ್ಗದವುಗಳಾಗಬಹುದು. ಪರೀಕ್ಷೆಗೂ ಮದ್ದಿಗೂ ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲ.

ಬಿಡದ ಕೆಮ್ಮೆಲ್ಲ ಕ್ಷಯವೆಂದು ನಾನು ಹೆದರಿಸುವವನಲ್ಲ. ಬೀಡಿ ಸೇದುವವನ ಕೆಮ್ಮು ಬೇರೆ. ಬೆಳಗಿನ ಜಾವ ಎದೆಯಲ್ಲಿ ಸಿಳ್ಳಿನಂತಹ ಸದ್ದಿನೊಡನೆ ಬರುವುದು ಉಬ್ಬಸವಿದ್ದೀತು. ಉಂಡು ಮಲಗಿದೊಡನೆ ಎದೆಯುರಿಯೊಡನೆ ಬರುವುದು ಹುಳಿತೇಗಿನದಿದ್ದೀತು. ರಕ್ತದೊತ್ತಡಕ್ಕೆ ಕೊಡುವ ಎನಾಲಪ್ರಿಲ್ ಜಾತಿಯ ಗುಳಿಗೆಯಿಂದಲೂ ಕೆಲವರಿಗೆ ಒಣಕೆಮ್ಮು ಬರುವುದುಂಟು. ವೈದ್ಯರು ಗುಳಿಗೆಯನ್ನು ಬದಲಿಸಿದರೆ ಅದು ಕೆಲವು ವಾರಗಳಲ್ಲಿ ನಿಲ್ಲುವುದು. ಇವನ್ನೆಲ್ಲ ಕೇಳಿ ತಿಳಿಯದೆ ಕಷಾಯ ಕಾಸುವುದು ಚಿಕಿತ್ಸೆಯಲ್ಲ.

ಈಗ ಪಾಠಶಾಲೆಯಲ್ಲಿ ಕೆಮ್ಮು 2 ವಾರ ದಾಟಿದರೆ ಹುಡುಗನನ್ನು ಕಫದ ಪರೀಕ್ಷೆಗೆ ಕಳುಹುತ್ತೇವೆ. ರಕ್ತ ಕಂಡರೆ ಅಂದೇ. ಆಡುಸೋಗೆಯ ಗಿಡವು ಹಿತ್ತಲಿನಲ್ಲಿ ಈಗಲೂ ಇದೆ. ಆ ವಿದ್ಯಾರ್ಥಿಯು ಗುಣಹೊಂದಿದನು. ಮೊದಲೇ ಏಕೆ ಕಳುಹಲಿಲ್ಲವೆಂದು ಅವನ ತಾಯಿಯು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.