ಬಿದಿರಿನ ಮುಳ್ಳು, ಹಳ್ಳಿಯ ದನ

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಡಿನ ಮಾತು ಗಿರಣಿಯವರ ಸಭೆಯಲ್ಲಿ ಏಕೆ ಎಂದು ನಮ್ಮಲ್ಲೇ ಕೆಲವರು ಕೇಳಿದ್ದಾರೆ. ಅಂಗಡಿಯ ಖಾತೆ ಪುಸ್ತಕ, ಮಕ್ಕಳು ಬರೆಯುವ ಪುಸ್ತಕ, ನಾವು ಅಚ್ಚು ಹಾಕಿಸುವ ಕರಪತ್ರ, ಇವುಗಳ ಕಾಗದಕ್ಕೆ ಬಹುಕಾಲ ಬಿದಿರೇ ಮೂಲವಾಗಿತ್ತು. ಆ ಬಿದಿರು ಎಲ್ಲಿ ಹೋಯಿತು, ತಪ್ಪನ್ನು ಯಾರ ತಲೆಗೆ ಕಟ್ಟಿದರು ಎಂಬುದನ್ನು ಈ ಹೊತ್ತು ಹೇಳಬೇಕಾಗಿದೆ.

ದಾಂಡೇಲಿಯಲ್ಲಿ ಕಾಗದದ ಗಿರಣಿ 1950ರ ದಶಕದಲ್ಲಿ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರು ಎಷ್ಟು ಕಡಿದರೂ ಮುಗಿಯದೆಂದು ಭಾವಿಸಿ ಸರ್ಕಾರವು ಅದನ್ನು ನಾಮಮಾತ್ರ ಬೆಲೆಗೆ ಬಿಟ್ಟುಕೊಟ್ಟಿತು. ಬುಟ್ಟಿ, ಮೊರ ಹೆಣೆದು ಹೊಟ್ಟೆ ಹೊರೆಯುವ ಮೇದಾರನಾದರೋ ಪೇಟೆಯ ಬೆಲೆಯನ್ನೇ ತೆರಬೇಕು. ಬಡವನಿಗೊಂದು ತಕ್ಕಡಿ, ಬಂಡವಾಳಗಾರನಿಗೊಂದು ತಕ್ಕಡಿ!

ಇಪ್ಪತ್ತು ವರ್ಷ ಕಳೆಯುವುದರೊಳಗೆ ಮೆಳೆಗಳು ಕ್ಷೀಣಿಸಿದವು. ಹಳ್ಳಿಯ ದನಗಳು ಕಳಲೆ ಮೇಯುತ್ತವೆ, ಹಳ್ಳಿಗರು ಕದ್ದು ಕಡಿಯುತ್ತಾರೆ ಎಂಬುದು ಅಧಿಕಾರಿಗಳ ವಾದವಾಯಿತು. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ಅವರ ಜೊತೆಯವರು ಕಾಡಿಗೇ ಹೋಗಿ ಮೆಳೆಗಳನ್ನು ಪರೀಕ್ಷಿಸಿದರು. ಮೆಳೆಯ ಬುಡದಲ್ಲಿ ಮುಳ್ಳಿನ ರೆಂಬೆಗಳು ಹೆಣೆದುಕೊಂಡು ಬೇಲಿಯಂತಿರುತ್ತವೆ. ಮಳೆ ಬಿದ್ದು ಕಳಲೆ ಏಳುವಾಗ ಅದನ್ನು ಕಾಯುವುದು ಈ ಬೇಲಿಯೇ. ಅರಣ್ಯ ಇಲಾಖೆಯವರು ಮಾತ್ರ, ಬುಡ ಬಿಡಿಸಿದರೆ ಬಿದಿರು ಹುಲುಸಾಗಿ ಬೆಳೆಯುವುದೆಂದು ನಂಬಿ ಮುಳ್ಳನ್ನೆಲ್ಲ ಕಡಿಸುತ್ತಿದ್ದರು. ಆಮೇಲೇನು? ಮುಳ್ಳುಹಂದಿ, ಮುಸುವ, ದನ ಎಲ್ಲಕ್ಕೂ ಕಳಲೆ ಬಾಯಿಗೆ ಎಟುಕಿತು. ಹಳ್ಳಿಯವರಿಗೆ ಇದು ಗೊತ್ತಿತ್ತು, ಅವರನ್ನು ಕೇಳುವವರಿರಲಿಲ್ಲ. ಇದರ ಮೇಲೆ ಗಳಗಳನ್ನು ಮಿತಿಮೀರಿ ಕಡಿದದ್ದು ಬೇರೆ. ದನ ಮೇಯ್ದದ್ದು ಸುಳ್ಳಲ್ಲ, ಆದರೆ ಬೇಲಿ ಕಿತ್ತವರು ಯಾರು?

ಹೆಮ್ಮರಗಳ ಕತೆಯೂ ಹೀಗೆಯೇ. ಪ್ಲೈವುಡ್ಡಿಗೆ ಆಯ್ದ ಮರಗಳನ್ನಷ್ಟೇ ಕಡಿಯುತ್ತೇವೆ, ಕಾಡಿಗೆ ಬಾಧೆಯಿಲ್ಲ ಎಂದರು. ದಟ್ಟ ಕಾಡಿನಲ್ಲಿ ಒಂದು ಮರ ಉರುಳುವಾಗ ಬಳ್ಳಿಗಳ ಬಿಗಿತಕ್ಕೆ ಪಕ್ಕದ ಮರಗಳನ್ನೂ ಎಳೆದುಕೊಂಡು ಬೀಳುತ್ತದೆ. ಲಾರಿಯ ದಾರಿಗೆ ಇನ್ನಷ್ಟು ಬಲಿ. ನೆರಳಿನಲ್ಲಿ ಬದುಕುವ ಸಸಿಗಳು ಬಿಸಿಲಿಗೆ ಬಾಡುತ್ತವೆ, ಆ ಜಾಗಕ್ಕೆ ಅಮೆರಿಕ ಖಂಡದಿಂದ ಬಂದ ಯುಪಟೋರಿಯಂ ಕಳೆ ನುಗ್ಗುತ್ತದೆ. (ಕೇರಳದಲ್ಲಿ ಅದನ್ನು ಕಮ್ಯೂನಿಸ್ಟ್ ಪಚ್ಚ ಎನ್ನುತ್ತಾರೆ. ಕಾಡು ಬಯಲು ಮಾಡಿದವರು ಗುತ್ತಿಗೆದಾರರು, ಹೆಸರು ಮಾತ್ರ ನಮ್ಮ ಎಡಗಡೆಯ ಸಹೋದರರಿಗೆ!) ಮಂಗಟ್ಟೆ ಹಕ್ಕಿ ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ. ಹಣ್ಣು ತಿಂದು ದೂರದೂರಕ್ಕೆ ಬೀಜ ಒಯ್ಯುವುದೂ ಅದೇ ಹಕ್ಕಿ. ಪೊಟರೆಯ ಮರ ಹೋದರೆ ಬೀಜ ಬಿತ್ತುವವನೂ ಹೋದ ಹಾಗೆ. ಕಾಡು ಬೋಳಿಸಿ ನೀಲಗಿರಿ ನೆಟ್ಟದ್ದೂ ಆಯಿತು. ಮಳೆ ಹೆಚ್ಚಿರುವ ಘಟ್ಟದಲ್ಲಿ ಬೂಷ್ಟಿನ ರೋಗ ತಗಲಿ ನೀಲಗಿರಿ ಕೆಟ್ಟಿತು, ಮೊದಲಿನ ಕಾಡು ಮರಳಲಿಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು ಕಾಡಿಗೆ ಹೋಗಿ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. ಅದೇ ಅಪ್ಪಿಕೋ ಚಳುವಳಿ. ಇಂಥವರು ಕಾರ್ಮಿಕನ ಅನ್ನಕ್ಕೆ ಕಲ್ಲು ಹಾಕುತ್ತಾರೆಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ನಾವು ಒಪ್ಪುವುದಿಲ್ಲ. ತಲೆತಲಾಂತರ ಬಾಳಬೇಕಾದ ಬಿದಿರನ್ನು ಇಪ್ಪತ್ತು ವರ್ಷದಲ್ಲಿ ಬರಿದು ಮಾಡಿದವರು ಗಿರಣಿಯ ನಾಳಿನ ಪಾಳಿಯನ್ನೂ ಬರಿದು ಮಾಡಿದರು. ಮೇದಾರನಿಗೂ ಗಿರಣಿಯ ಕಾರ್ಮಿಕನಿಗೂ ಇಲ್ಲಿ ಜಗಳವಿಲ್ಲ.

ಕೈಗಾರಿಕೆಗಳು ಬೆಳೆಗಾರರೊಡನೆ ಒಪ್ಪಂದ ಮಾಡಿಕೊಂಡು ಕಚ್ಚಾಮಾಲು ಬೆಳೆಸಿಕೊಳ್ಳಬೇಕು, ಕಾಡಿನ ಮಾಲನ್ನು ರಿಯಾಯಿತಿ ಬೆಲೆಗೆ ಕೊಡಕೂಡದು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿದೆ. ಗಿರಣಿ ಯಾವುದೇ ಇರಲಿ, ನಿಮ್ಮ ಸಂಘವು ಮುಂದಿನ ಕರಾರಿಗೆ ಕೂರುವಾಗ ಕೂಲಿ, ಬೋನಸ್ಸುಗಳ ಜೊತೆಗೆ ಕಚ್ಚಾಮಾಲು ಎಲ್ಲಿಂದ ಬರುತ್ತದೆ, ಯಾವ ಬೆಲೆಗೆ ಬರುತ್ತದೆ ಎಂಬ ಪ್ರಶ್ನೆಯನ್ನೂ ಬರೆದು ಮಾಲೀಕರ ಮೇಜಿನ ಮೇಲಿಡಿ.