ಗಂಡಿಕೋಟದ ದಾರಿ

ನಮ್ಮ ಕಡೆ ಹೊಳೆ ದಾಟಲು ದೋಣಿ ಬೇಕಿಲ್ಲ. ವರ್ಷದ ಬಹುಪಾಲು ಚಪ್ಪಲಿ ಬಿಡದೆಯೇ ದಾಟಬಹುದು. ಇಂಥ ಒಂದು ಹೊಳೆ ಕಲ್ಲುಬೆಟ್ಟವನ್ನು ಸುಮಾರು 300 ಅಡಿ ಆಳಕ್ಕೆ ಕೊರೆದಿದೆ ಎಂದರೆ ನಂಬುತ್ತೀರಾ? ನಂಬಲು ಕಡಪ ಜಿಲ್ಲೆಯ ಗಂಡಿಕೋಟಕ್ಕೆ ಒಮ್ಮೆ ಹೋಗಿ ಬರಬೇಕು. ಇವತ್ತು ಆ ದಾರಿಯ ಮಾತು.

ರಾಯದುರ್ಗದವರು ಕಲ್ಯಾಣದುರ್ಗದ ಮೇಲೆ, ಮಡಕಶಿರಾದವರು ಪೆನುಕೊಂಡದ ಮೇಲೆ ಅನಂತಪುರಕ್ಕೆ ಬನ್ನಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೂ ನಮ್ಮಿಬ್ಬರ ದಾರಿ ಕೂಡುವುದು ಅನಂತಪುರದಲ್ಲೇ. ಮುಂದೆ ತಾಡಪತ್ರಿ, ಆಮೇಲೆ ಜಮ್ಮಲಮಡುಗು. ಡೀಸೆಲ್, ಕುಡಿಯುವ ನೀರು, ಬುತ್ತಿ ಎಲ್ಲ ಅಲ್ಲಿಯೇ ನೋಡಿಕೊಳ್ಳಿ. ಅಲ್ಲಿಂದ ಕೋಟೆಗೆ ಸುಮಾರು 15 ಕಿಲೋಮೀಟರು, ಎರ್ರಮಲ ಬೆಟ್ಟದ ಏರು. ತಿರುವಿನಲ್ಲಿ ಹಾರನ್ ಹೊಡೆಯಿರಿ, ಎದುರು ಏರಿ ಬರುವ ಗಾಡಿಗೆ ದಾರಿ ಬಿಡಿ. ಇಳಿಯುವಾಗ ಬರೀ ಬ್ರೇಕನ್ನು ನಂಬಬೇಡಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಎಂಜಿನ್ ಆರಿಸಿ ಡೀಸೆಲ್ ಉಳಿಸುವ ಚಾಳಿ ಬೇಡ. ಹೊತ್ತು ಮುಳುಗುವ ಮುಂಚೆ ಕೆಳಗೆ ಬಂದುಬಿಡಿ.

ಫ್ರಾನ್ಸಿನ ವಜ್ರದ ವ್ಯಾಪಾರಿ ಟಾವರ್ನಿಯೆ 1652ರಲ್ಲಿ ಇಲ್ಲಿಗೆ ಬಂದಿದ್ದ. ಗೋಲ್ಕೊಂಡದ ಮೀರ್ ಜುಮ್ಲಾ ಆಗತಾನೇ ಕೋಟೆ ಗೆದ್ದಿದ್ದ. ಬೆಟ್ಟ ಕಡಿದು ಮಾಡಿದ ದಾರಿ ಕೆಲವು ಕಡೆ ಏಳೆಂಟು ಅಡಿಗಿಂತ ಅಗಲವಿರಲಿಲ್ಲ, ಬಲಗಡೆ ಭಯಂಕರ ಪ್ರಪಾತ, ಅದರ ತಳದಲ್ಲಿ ದೊಡ್ಡ ಹೊಳೆ ಎಂದು ಆತ ಬರೆದಿದ್ದಾನೆ. ಬೆಟ್ಟದ ಮೇಲೆ ಒರತೆಗಳ ನೀರಿನಿಂದ ಬತ್ತವನ್ನೂ ಬೆಳೆಯುತ್ತಿದ್ದರಂತೆ.

ಕೋಟೆಯೊಳಗೆ ಮಾಧವರಾಯನ ಗುಡಿ, ಜಾಮಿಯಾ ಮಸೀದಿ, ಕಲ್ಲಿನ ಕಣಜ ನೋಡುತ್ತ ಹೋದರೆ ಕೊನೆಗೆ ಬಂಡೆಗಳ ಮೇಲಿನ ನಡಿಗೆ. ಅಂಚಿನುದ್ದಕ್ಕೂ ಕಂಬಿ ಇದೆ ಎಂದುಕೊಳ್ಳಬೇಡಿ. ಮಕ್ಕಳ ಕೈ ಬಿಡಬೇಡಿ, ಫೋಟೋಕ್ಕಾಗಿ ಹಿಂದಕ್ಕೆ ಸರಿಯಬೇಡಿ. ಕುಳಿತು ನೋಡಿ. ಕೆಳಗೆ ಕಾಣುವುದೇ ತೆಲುಗಿನವರ ಪೆನ್ನಾ, ನಮ್ಮ ಉತ್ತರ ಪಿನಾಕಿನಿ.

ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಬರುವ ಹೊಳೆ ಇದು. ಪರಿಗಿಯ ಬಳಿ ಜಯಮಂಗಲಿ ಸೇರುತ್ತದೆ. ಮತ್ತೆ ಪಾವಗಡ ತಾಲ್ಲೂಕಿಗೆ ಹೊಕ್ಕು, ನಾಗಲಮಡಿಕೆ ನೋಡಿಕೊಂಡು, ಪೇರೂರು ಅಣೆಗೆ ಬರುತ್ತದೆ. ಗಡಿ ಗೆರೆ ಎಳೆದವರನ್ನು ಅದು ಕೇಳಲಿಲ್ಲ.

ರಾಯದುರ್ಗದವರು, ‘ನಮ್ಮದು ಹಗರಿ, ಅದು ಬೇರೆ ದಿಕ್ಕಿನ ಹೊಳೆ’ ಎನ್ನಬಹುದು. ನಿಜ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ನಿಮ್ಮ ತಾಲ್ಲೂಕು ಆಂಧ್ರಕ್ಕೆ ಬಂದರೂ ಹಗರಿ ಬಳ್ಳಾರಿ ಸೀಮೆಗೇ ಹೋಗಿ ತುಂಗಭದ್ರೆ ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆಯ ನೀರೇ ಶ್ರೀಶೈಲದಿಂದ ಕಾಲುವೆ ಹಿಡಿದು ಗಂಡಿಕೋಟ ಜಲಾಶಯಕ್ಕೆ ಬರುತ್ತದೆ. ಅಂದಮೇಲೆ ಎರಡು ಊರಿನ ನೀರೂ ಕೂಡುವುದು ಇಲ್ಲಿಯೇ. ಆ ನೀರು ನಿಲ್ಲಲು ಕೊಂಡಾಪುರಂ ಮಂಡಲದ ಹಳ್ಳಿಗಳು ಮುಳುಗಿದವು. 2020ರಲ್ಲಿ ತಾಳ್ಲಪ್ರೊದ್ದುಟೂರಿನವರು ಮನೆ ಬಿಟ್ಟು ಎದ್ದರು. ಅದನ್ನೂ ನೆನೆಯಿರಿ.

ಪದರಪದರವಾಗಿ ಕಾಣುವ ಆ ಕೆಂಪು ಬಂಡೆಯನ್ನು ಭೂವಿಜ್ಞಾನಿಗಳು ಗಂಡಿಕೋಟ ಕ್ವಾರ್ಟ್ಜೈಟ್ ಎನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ನೀರು ತಂದು ಹಾಸಿದ ಮರಳೇ ಒತ್ತಿ ಗಟ್ಟಿಯಾಗಿ ಕಲ್ಲಾಯಿತು. ಅದೇ ಕಲ್ಲನ್ನು ಹೊಳೆ ಮತ್ತೆ ಕೊರೆಯಿತು.

ಅಲ್ಲಿ ಕುಳಿತಾಗ ನಿಮ್ಮೂರ ಹೊಳೆಯ ಮರಳು ನೆನಪಿಗೆ ಬರಲಿ. ಮಳೆ ಬಂದ ನಾಲ್ಕು ದಿನದ ನೀರನ್ನು ಹಿಡಿದಿಟ್ಟು ದಡದ ಬಾವಿಗೆ ಕೊಡುವುದು ಅದೇ. ರಾತ್ರಿ ಟ್ರಾಕ್ಟರುಗಳಲ್ಲಿ ಅದು ಹೋದರೆ, ಬಂದ ನೀರು ನಿಲ್ಲದೆ ಓಡಿಹೋಗುತ್ತದೆ; ಬಾವಿ ಬತ್ತುತ್ತದೆ; ಬೋರು ಇನ್ನೂ ನೂರಡಿ ಇಳಿಯುತ್ತದೆ. ಟ್ರಾಕ್ಟರು ನಮ್ಮ ಅಣ್ಣತಮ್ಮಂದಿರದೇ, ಬಾವಿಯೂ ನಮ್ಮದೇ. ಅದಕ್ಕೇ ಯಾರೂ ಬಾಯಿ ಬಿಡುವುದಿಲ್ಲ.

ಗಂಡಿಕೋಟದಿಂದ ಮರಳಿ ಬಂದ ಮೇಲೆ ಒಂದು ಕೆಲಸ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮಾತು ಹೇಳಿ. ಕನ್ನಡದಲ್ಲಿ ಹೇಳಿ, ತೆಲುಗಿನಲ್ಲೂ ಹೇಳಿ. ನಮಗೆ ಎರಡೂ ಬರುತ್ತವಲ್ಲ.